ಜಗತ್ತಿನ ನಾಲ್ವರು ಮಹಾರಾಜರು: ಒಂದು ಅರಬ್ಬೀ ಪ್ರಸಂಗದ ವಿಮರ್ಶೆ

೧

ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿಗಳ ವೈಭವವನ್ನು ವರ್ಣಿಸುವ ಗ್ರಂಥಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ಒಂದು ಮಾತು ಮತ್ತೆ ಮತ್ತೆ ಕಾಣಬರುತ್ತದೆ. ಕ್ರಿ. ಶ. ೮೫೧ರಲ್ಲಿ ಸುಲೇಮಾನನೆಂಬ ಅರಬ್ಬೀ ವರ್ತಕನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ‘ಬಲ್ಹರಾ’ ಎಂಬ ಅರಸನನ್ನು ಎಣಿಸಿದನೆಂಬುದೇ ಆ ಮಾತು. ಬಲ್ಹರಾ ಎಂಬುದು ರಾಷ್ಟ್ರಕೂಟ ರಾಜನಿಗೆ ಸಲ್ಲುವ ಹೆಸರೆಂದೂ, ಆ ವರ್ಷ ಪಟ್ಟದಲ್ಲಿದ್ದವನು ಅಮೋಘವರ್ಷ ನೃಪತುಂಗನೆಂದೂ ವಿದ್ವಾಂಸರು ನಿರ್ಣಯಿಸಿದ್ದಾರೆ. ಆದುದರಿಂದ ಬಾಗ್ದಾದಿನ ಖಲೀಫ, ಚೀನದ ಸಮ್ರಾಟ, ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಇವರ ಸಾಲಿನಲ್ಲಿ ಕನ್ನಡನಾಡಿನ ಅರಸನಿಗೂ ಸ್ಥಾನ ದೊರೆಯಿತೆಂದು ಹೆಮ್ಮೆಪಡುವುದು ಸಹಜವೇ ಸರಿ.

ಆದರೆ ಹೆಮ್ಮೆಗೆ ಸಾಕಾದ ಮಾತು ಪ್ರಮಾಣಕ್ಕೂ ಸಾಕಾಗುತ್ತದೆಂಬ ನಿಯಮವಿಲ್ಲ. ನಾಲ್ವರು ಅರಸರೆಂದು ಎಣಿಸಿದವರು ಯಾರು? ಯಾವ ಅಳತೆಯಿಂದ ಎಣಿಸಿದರು? ಆ ಎಣಿಕೆ ವರ್ತಕನ ಅನುಭವದಿಂದ ಹುಟ್ಟಿದುದೇ, ಅಥವಾ ಅವನಿಗಿಂತ ಹಳೆಯದಾದ ಒಂದು ವರ್ಣನಾಕ್ರಮವೇ? ಈ ಪ್ರಶ್ನೆಗಳನ್ನು ಕೇಳದೆ ಆ ವಾಕ್ಯವೊಂದನ್ನೇ ಉದಾಹರಿಸುತ್ತ ಬಂದುದರಿಂದ ಎರಡು ವಿಧದ ನಷ್ಟವಾಗಿದೆ. ಆ ಪ್ರಸಂಗ ಹೇಳದೆ ಇರುವ ಸೈನ್ಯಬಲವನ್ನು ಅದಕ್ಕೆ ಆರೋಪಿಸಿದಂತಾಗಿದೆ. ಅದು ನಿಜವಾಗಿ ಹೇಳುವ ಸಂಗತಿ, ಎಂದರೆ ಪರಸ್ಪರ ಸ್ಪರ್ಧಿಗಳಾದ ಮಹಾರಾಜ್ಯಗಳು ಒಂದರೊಡನೊಂದು ಹೇಗೆ ವ್ಯವಹರಿಸುತ್ತಿದ್ದುವೆಂಬುದು, ಮರೆಯಾಗಿದೆ.

೨

ಮೊದಲು ಗ್ರಂಥದ ವಿಚಾರ. ಈ ಪ್ರಸಂಗವನ್ನು ಒಳಗೊಂಡ ಅರಬ್ಬೀ ಹಸ್ತಪ್ರತಿ ಪ್ಯಾರಿಸಿನ ರಾಷ್ಟ್ರೀಯ ಪುಸ್ತಕಭಂಡಾರದಲ್ಲಿದೆ. ಅದರ ಆರಂಭದ ಹಾಳೆಗಳು ಲುಪ್ತವಾಗಿವೆ. ಗ್ರಂಥದಲ್ಲಿ ಎರಡು ಭಾಗಗಳಿವೆ. ಎರಡನೆಯ ಭಾಗವನ್ನು ಬರೆದವನು ಪಾರಸೀಕ ಕೊಲ್ಲಿಯ ಸಿರಾಫ್ ಪಟ್ಟಣದ ಅಬೂ ಜೈದ್. ಅವನ ಕಾಲ ಕ್ರಿಸ್ತಶಕದ ೧೦ನೆಯ ಶತಮಾನದ ಆರಂಭ. ಮೊದಲ ಭಾಗವು ಹಿಜರಿ ೨೩೭ರಲ್ಲಿ, ಎಂದರೆ ಕ್ರಿ. ಶ. ೮೫೧-೫೨ರಲ್ಲಿ ಸಿದ್ಧವಾಯಿತೆಂದು ತಿಳಿಸುವವನೂ ಅವನೇ. ಮೊದಲ ಭಾಗದ ಕರ್ತೃವಿನ ಹೆಸರು ಎಲ್ಲಿಯೂ ಸ್ಪಷ್ಟವಾಗಿಲ್ಲ. ಸುಲೇಮಾನನೆಂಬ ವರ್ತಕನ ಹೆಸರು ಒಂದೆಡೆ, ಒಂದು ಸಂಗತಿಯನ್ನು ತಿಳಿಸಿದವನೆಂಬ ರೂಪದಲ್ಲಿ ಮಾತ್ರ ಬಂದಿದೆ. ಇಡೀ ಭಾಗವನ್ನು ಅವನದೆಂದು ಹೇಳುವ ರೂಢಿಗೆ ಇದಕ್ಕಿಂತ ಬಲವಾದ ಆಧಾರವಿಲ್ಲ. ಅದು ಒಬ್ಬನ ಪ್ರವಾಸಕಥನವಾಗಿರದೆ, ಸಮುದ್ರವ್ಯಾಪಾರಿಗಳಲ್ಲಿ ಪ್ರಚಾರದಲ್ಲಿದ್ದ ವಾರ್ತೆಗಳ ಸಂಗ್ರಹವಾಗಿರುವಂತೆ ತೋರುತ್ತದೆ.

ಈ ಗ್ರಂಥವನ್ನು ೧೭೧೮ರಲ್ಲಿ ರೆನೋಡೋ ಎಂಬ ವಿದ್ವಾಂಸನು ಫ್ರೆಂಚ್ ಭಾಷೆಗೆ ಪರಿವರ್ತಿಸಿದನು. ೧೮೬೭ರಲ್ಲಿ ಎಲಿಯಟ್ ಮತ್ತು ಡೌಸನ್ನರ ಸಂಪುಟದಲ್ಲಿ ಭಾರತಕ್ಕೆ ಸಂಬಂಧಿಸಿದ ಭಾಗಗಳು ಮಾತ್ರ ಇಂಗ್ಲಿಷಿನಲ್ಲಿ ಪ್ರಕಟವಾದುವು. ಭಾರತದ ಚರಿತ್ರಕಾರರಲ್ಲಿ ಹೆಚ್ಚಿನವರಿಗೆ ದೊರೆತುದು ಈ ಆಯ್ಕೆಯೇ. ಮೂಲದಲ್ಲಿಯಾದರೋ ಚೀನದ ವಿಷಯವೇ ವಿಸ್ತಾರವಾಗಿದ್ದು, ಭಾರತೀಯರ ಮತ್ತು ಚೀನೀಯರ ಆಚಾರಗಳನ್ನು ಒಂದರ ಪಕ್ಕದಲ್ಲಿ ಮತ್ತೊಂದನ್ನಿಟ್ಟು ಹೋಲಿಸುವ ಭಾಗವೂ ಇದೆ. ತುಲನೆಯೇ ಆ ಗ್ರಂಥದ ರೀತಿ. ಬಲ್ಹರಾನ ವರ್ಣನೆಯನ್ನು ಆ ತುಲನೆಯಿಂದ ಕಿತ್ತು ತೆಗೆದರೆ ಅದು ಪ್ರಶಸ್ತಿಯಂತೆ ಕಾಣುತ್ತದೆ. ಅಲ್ಲಿಯೇ ಇಟ್ಟು ಓದಿದರೆ ಬೇರೆಯೇ ಅರ್ಥ ಹೊಳೆಯುತ್ತದೆ.

ಪ್ರಸಂಗದ ಸಾರಾಂಶ ಹೀಗಿದೆ. ಜಗತ್ತಿನಲ್ಲಿ ಮಹಾರಾಜರೆಂದು ಎಣಿಸತಕ್ಕವರು ನಾಲ್ವರೆಂಬ ವಿಷಯದಲ್ಲಿ ಭಾರತೀಯರಿಗೂ ಚೀನೀಯರಿಗೂ ಒಮ್ಮತವಿದೆ. ಅವರಲ್ಲಿ ಅರಬರ ಅರಸನೇ ಮೊದಲನೆಯವನೆಂದು ಅವರೇ ಒಪ್ಪುತ್ತಾರೆ. ಚೀನದ ರಾಜನು ತನ್ನನ್ನು ಎರಡನೆಯವನೆಂದು ಭಾವಿಸುತ್ತಾನೆ. ಬಳಿಕ ರೂಮಿನ, ಎಂದರೆ ಬೈಜಾಂಟಿಯದ ಅರಸ. ನಾಲ್ಕನೆಯವನು ಕಿವಿ ಚುಚ್ಚಿಸಿಕೊಂಡ ಜನರ ರಾಜನಾದ ಬಲ್ಹರಾ. ಭಾರತದ ಇತರ ಅರಸರೆಲ್ಲರೂ ತಮ್ಮ ತಮ್ಮ ರಾಜ್ಯಗಳಲ್ಲಿ ಸ್ವತಂತ್ರರಾದರೂ ಅವನ ಹಿರಿಮೆಯನ್ನು ಮನ್ನಿಸಿ ಅವನ ರಾಯಭಾರಿಗಳಿಗೆ ವಂದಿಸುತ್ತಾರೆ. ಅವನು ಅರಬರಂತೆ ತನ್ನ ಸೈನಿಕರಿಗೆ ವೇತನ ಕೊಡುತ್ತಾನೆ. ಅವನಲ್ಲಿ ಕುದುರೆ, ಆನೆ, ಧನ ಇವು ಹೇರಳವಾಗಿವೆ. ಅರಬರನ್ನು ಅವನಷ್ಟು ಪ್ರೀತಿಸುವ ರಾಜನು ಬೇರೊಬ್ಬನಿಲ್ಲ. ಅಲ್ಲಿಯ ಅರಸರು ಬಹುಕಾಲ ಆಳುವುದಕ್ಕೆ, ಕೆಲವೊಮ್ಮೆ ೫೦ ವರ್ಷಗಳವರೆಗೂ ಆಳುವುದಕ್ಕೆ, ಈ ಪ್ರೀತಿಯೇ ಕಾರಣವೆಂದು ಅವನ ಪ್ರಜೆಗಳು ಹೇಳುತ್ತಾರೆ. ಅವನ ನೆರೆಯಲ್ಲಿ ಜುರ್ಜ್ ದೇಶದ ಅರಸನಿದ್ದಾನೆ. ಅವನ ಅಶ್ವಸೇನೆಗೆ ಸಮನಾದುದು ಭಾರತದಲ್ಲಿಲ್ಲ. ಅವನು ಅರಬರಿಗೆ ಶತ್ರು. ಹಾಗಿದ್ದರೂ ಅರಬರ ಅರಸನೇ ಎಲ್ಲರಿಗಿಂತ ಹಿರಿಯನೆಂದು ಅವನೂ ಒಪ್ಪುತ್ತಾನೆ.

೩

ಭಾರತೀಯರಿಗೂ ಚೀನೀಯರಿಗೂ ಒಮ್ಮತವಿದೆಯೆಂಬ ಮಾತು ಮೇಲುನೋಟಕ್ಕೆ ವರ್ತಕನ ಉತ್ಪ್ರೇಕ್ಷೆಯಂತೆ ಕಾಣುತ್ತದೆ. ಆದರೆ ಅದರಲ್ಲಿ ಸತ್ಯಾಂಶವಿದೆ. ಕ್ರಿಸ್ತಶಕ ೪ನೆಯ ಶತಮಾನದ ಕೊನೆಯಲ್ಲಿ ಚೀನೀಭಾಷೆಗೆ ಅನುವಾದವಾದ ಒಂದು ಬೌದ್ಧಸೂತ್ರದಲ್ಲಿ ಜಂಬೂದ್ವೀಪಕ್ಕೆ ನಾಲ್ವರು ದೇವಪುತ್ರರು ಒಡೆಯರೆಂದು ಹೇಳಿದೆ. ಪೂರ್ವದಲ್ಲಿ ಜನಸಮೃದ್ಧವಾದ ಚೀನ, ದಕ್ಷಿಣದಲ್ಲಿ ಆನೆಗಳಿಗೆ ಹೆಸರಾದ ಭಾರತ, ಪಶ್ಚಿಮದಲ್ಲಿ ಚಿನ್ನಬೆಳ್ಳಿಗಳ ರೋಮಕದೇಶ, ವಾಯವ್ಯದಲ್ಲಿ ಕುದುರೆಗಳ ಯೂಚಿದೇಶ. ಕ್ರಿ. ಶ. ೬೪೬ರಲ್ಲಿ ತನ್ನ ಪ್ರವಾಸಗ್ರಂಥವನ್ನು ಮುಗಿಸಿದ ಹ್ಯುಯೆನ್ ತ್ಸಾಂಗನೂ ಅದರ ಪೀಠಿಕೆಯಲ್ಲಿ ಇದೇ ವಿಭಾಗವನ್ನು ಅನುಸರಿಸಿ ಗಜಪತಿ, ಧನಪತಿ, ಅಶ್ವಪತಿ, ನರಪತಿಗಳೆಂಬ ನಾಲ್ವರನ್ನು ಹೇಳಿದ್ದಾನೆ. ಈ ಕಲ್ಪನೆಯ ಚರಿತ್ರೆಯನ್ನು ಪೆಲಿಯೋ ಎಂಬ ಫ್ರೆಂಚ್ ವಿದ್ವಾಂಸನು ೧೯೨೩ರಲ್ಲಿಯೇ ವಿಸ್ತಾರವಾಗಿ ಶೋಧಿಸಿದ್ದನು.

ಆದುದರಿಂದ ಅರಬ್ಬೀ ವರ್ತಕನು ನಾಲ್ವರು ಅರಸರ ಪಟ್ಟಿಯನ್ನು ತಾನಾಗಿ ಕಲ್ಪಿಸಿದನೆಂದು ಹೇಳಲಾಗದು. ಅದರ ಅಸ್ಥಿಪಂಜರ ಭಾರತದ ಮತ್ತು ಚೀನದ ಬೌದ್ಧರಲ್ಲಿ ನಾಲ್ಕಾರು ಶತಮಾನಗಳಿಂದ ಇದ್ದುದು. ಹೊಸದಾದುದು ಅದರ ಕ್ರಮ. ಸೂತ್ರದಲ್ಲಿ ನಾಲ್ವರೂ ನಾಲ್ಕು ದಿಕ್ಕಿನವರು. ಒಂದೊಂದು ದಿಕ್ಕಿಗೆ ಒಂದೊಂದು ಸಂಪತ್ತು. ಹ್ಯುಯೆನ್ ತ್ಸಾಂಗನಲ್ಲಿ ನರಪತಿಯ ದೇಶವಾದ ಚೀನಕ್ಕೆ ಶೀಲದಲ್ಲಿಯೂ ವ್ಯವಸ್ಥೆಯಲ್ಲಿಯೂ ಮೇಲುಗೈ ದೊರೆತಿದೆ. ಅರಬ್ಬೀ ಗ್ರಂಥದಲ್ಲಿ ದಿಕ್ಕುಗಳು ಹೋಗಿ ಒಂದು, ಎರಡು, ಮೂರು, ನಾಲ್ಕು ಎಂಬ ಅಂತಸ್ತುಗಳು ಬಂದಿವೆ, ಖಲೀಫನು ಮೊದಲಾಗಿದ್ದಾನೆ. ಪಟ್ಟಿಯನ್ನು ಬರೆದವನ ನಾಡು ಯಾವುದೋ ಅದಕ್ಕೆ ಅಗ್ರಸ್ಥಾನ ಸಲ್ಲುತ್ತದೆ.

ಅಬೂ ಜೈದನ ಭಾಗದಲ್ಲಿ ಈ ಪಟ್ಟಿಯ ಇನ್ನೊಂದು ರೂಪವಿದೆ. ಬಸ್ರಾ ಪಟ್ಟಣವು ೮೭೧ರಲ್ಲಿ ಸೂರೆಹೋದ ಸಮಯದಲ್ಲಿ ಅಲ್ಲಿಂದ ಹೊರಟ ಇಬ್ನ್ ವಹಬನೆಂಬವನು ಚೀನದ ರಾಜಧಾನಿಗೆ ಹೋಗಿ ಸಮ್ರಾಟನ ದರ್ಶನ ಪಡೆದನಂತೆ. ಸಮ್ರಾಟನು ಅವನಿಗೆ ಲೋಕದ ಐವರು ಅರಸರನ್ನು ಹೆಸರಿಸಿದನು. ಲೋಕದ ಮಧ್ಯದಲ್ಲಿರುವ ಇರಾಕಿನ ಅರಸನು ರಾಜಾಧಿರಾಜ. ಅವನ ತರುವಾಯ ಮಾನವರ ರಾಜನಾದ ತಾನು. ಆಮೇಲೆ ಮೃಗಗಳ ರಾಜನೆನಿಸಿದ ತುರುಷ್ಕ. ಆನೆಗಳ ರಾಜನೂ ಜ್ಞಾನದ ರಾಜನೂ ಆದ ಭಾರತೀಯ. ಕೊನೆಗೆ ಸುರೂಪಿಗಳಾದ ಪುರುಷರ ರಾಜ, ರೂಮಿನವನು. ಇಲ್ಲಿ ಎಣಿಕೆ ನಾಲ್ಕರಿಂದ ಐದಕ್ಕೆ ಏರಿದೆ. ಬಲ್ಹರಾ ಎಂಬ ಹೆಸರೇ ಇಲ್ಲ. ಭಾರತದ ಸ್ಥಾನ ರೂಮಿಗಿಂತ ಮುಂದೆ ಬಂದಿದೆ. ಒಂದೇ ಗ್ರಂಥದ ಎರಡು ಭಾಗಗಳಲ್ಲಿಯೇ ಕ್ರಮವು ಹೀಗೆ ಪಲ್ಲಟವಾಗುವುದಾದರೆ, ನಾಲ್ಕನೆಯ ಸ್ಥಾನವೆಂಬುದನ್ನು ಅಳೆದು ತೂಗಿದ ನಿರ್ಣಯವೆಂದು ಹಿಡಿಯುವುದು ಯುಕ್ತವಲ್ಲ.

೪

ಎರಡು ಪಾಠಗಳಿಗೂ ಸಮಾನವಾದ ಒಂದು ಅಂಶವಿದೆ. ಸಾಹಿತ್ಯವಿಮರ್ಶಕನು ಗಮನಿಸಬೇಕಾದುದು ಅದನ್ನೇ. ಖಲೀಫನ ಹಿರಿಮೆಯನ್ನು ಅರಬನು ತನ್ನ ಬಾಯಿಂದ ಹೇಳಿಕೊಳ್ಳುವುದಿಲ್ಲ. ಮೊದಲ ಭಾಗದಲ್ಲಿ ಭಾರತೀಯರೂ ಚೀನೀಯರೂ, ಶತ್ರುವಾದ ಜುರ್ಜ್ ರಾಜನೂ ಅದನ್ನು ಹೇಳುತ್ತಾರೆ. ಎರಡನೆಯ ಭಾಗದಲ್ಲಿ ಚೀನದ ಸಮ್ರಾಟನೇ ಹೇಳುತ್ತಾನೆ. ಸ್ಪರ್ಧಿಯ ಬಾಯಿಂದ ಬಂದ ಶ್ಲಾಘನೆಗೆ ಸ್ವಂತ ಶ್ಲಾಘನೆಗಿಲ್ಲದ ತೂಕವುಂಟು. ಇಂತಹ ಶ್ಲಾಘನೆ ಮಾಡುವವನು ಅಲ್ಪನಾದರೆ ಅದರ ಬೆಲೆಯೂ ಅಲ್ಪವಾಗುತ್ತದೆ. ಆದಕಾರಣ ಖಲೀಫನನ್ನು ಮೇಲೆ ಕೂರಿಸಬೇಕಾದರೆ ಉಳಿದ ಮೂವರನ್ನೂ ಎತ್ತರದಲ್ಲಿಯೇ ಇರಿಸಬೇಕಾಯಿತು.

ಸಂಸ್ಕೃತಾಲಂಕಾರಿಕರಿಗೆ ಈ ಮರ್ಮ ಅಪರಿಚಿತವಾದುದಲ್ಲ. ಕವಿರಾಜಮಾರ್ಗಕ್ಕೆ ಮುಖ್ಯ ಆಕರವಾದ ಕಾವ್ಯಾದರ್ಶದಲ್ಲಿ ದಂಡಿಯು, ಪ್ರತಿನಾಯಕನ ವಂಶ, ಪರಾಕ್ರಮ, ವಿದ್ಯೆಗಳನ್ನು ವರ್ಣಿಸಿ ಅಂತಹವನನ್ನು ನಾಯಕನು ಗೆದ್ದನೆಂದು ಹೇಳುವುದರಿಂದ ನಾಯಕನ ಉತ್ಕರ್ಷ ಹೆಚ್ಚುತ್ತದೆಂದು ಸೂಚಿಸಿದ್ದಾನೆ. ಆದರೆ ಎರಡಕ್ಕೂ ಒಂದು ಭೇದವುಂಟು. ದಂಡಿಯ ಕ್ರಮದಲ್ಲಿ ಪ್ರತಿನಾಯಕನ ಹಿರಿಮೆ ಅವನ ಸೋಲಿನಲ್ಲಿ ಮುಕ್ತಾಯವಾಗುತ್ತದೆ. ಅರಬ್ಬೀ ಪ್ರಸಂಗದಲ್ಲಿ ಯಾರೂ ಸೋಲುವುದಿಲ್ಲ. ನಾಲ್ವರೂ ತಮ್ಮ ತಮ್ಮ ಸ್ಥಾನಗಳಲ್ಲಿ ಉಳಿಯುತ್ತಾರೆ. ಇಲ್ಲಿ ಅಗ್ರತೆ ಬೇರೆ, ಆಳ್ವಿಕೆ ಬೇರೆ. ಬಲ್ಹರಾನ ವಿಷಯದಲ್ಲಿ ಗ್ರಂಥವು ಇದನ್ನು ಬಾಯಿಬಿಟ್ಟೇ ಹೇಳಿದೆ: ಇತರ ಅರಸರು ಸ್ವತಂತ್ರರು, ಆದರೂ ಅವನಿಗೆ ಮನ್ನಣೆ ಕೊಡುತ್ತಾರೆ. ನಾಲ್ವರು ಅರಸರ ನಡುವಿನ ಸಂಬಂಧಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

೫

ಈ ವರ್ಣನೆ ಕೇವಲ ಕವಿಸಮಯವೋ, ಅಥವಾ ಆ ಕಾಲದ ರಾಜ್ಯವ್ಯವಹಾರಕ್ಕೆ ಅದರಲ್ಲಿ ಸಾಕ್ಷ್ಯವಿದೆಯೋ ಎಂಬುದು ಮುಂದಿನ ಪ್ರಶ್ನೆ. ನಾಲ್ಕು ರಾಜ್ಯಗಳ ಪರಸ್ಪರ ಸಂಬಂಧವನ್ನು ನೋಡಿದರೆ ವೈರವೂ ಸಹಕಾರವೂ ಒಂದೇ ಕಾಲದಲ್ಲಿ, ಒಂದೇ ಜೋಡಿಯ ನಡುವೆ ನಡೆದಿರುವುದು ಕಂಡುಬರುತ್ತದೆ.

ಖಲೀಫರಿಗೂ ರೂಮಿನವರಿಗೂ ವೈರವು ಹಳೆಯದು. ೮೩೮ರಲ್ಲಿ ಖಲೀಫ ಮುಅತಸಿಮನು ಅಮೋರಿಯಮ್ ಪಟ್ಟಣವನ್ನು ಹಿಡಿದು ಧ್ವಂಸಮಾಡಿದನು. ಆದರೆ ೮೪೫ರಲ್ಲಿ, ಎಂದರೆ ಗ್ರಂಥರಚನೆಗೆ ಆರು ವರ್ಷ ಮೊದಲು, ಗಡಿಯಲ್ಲಿದ್ದ ಲಾಮೋಸ್ ನದಿಯ ಬಳಿ ಎರಡು ಪಕ್ಷದವರೂ ಸೇರಿ ಸೆರೆಯಾಳುಗಳನ್ನು ವಿನಿಮಯ ಮಾಡಿಕೊಂಡರು. ನದಿಗೆ ಎರಡು ಸೇತುವೆಗಳನ್ನು ಕಟ್ಟಿ, ಒಂದರ ಮೇಲೆ ಒಬ್ಬ ರೂಮಿನವನು ದಾಟಿದಂತೆ ಇನ್ನೊಂದರ ಮೇಲೆ ಒಬ್ಬ ಮುಸಲ್ಮಾನನು ದಾಟಿಬಂದನು. ಹೀಗೆ ಬಿಡುಗಡೆ ಹೊಂದಿದ ಮುಸಲ್ಮಾನರೇ ನಾಲ್ಕು ಸಾವಿರಕ್ಕಿಂತ ಹೆಚ್ಚು ಮಂದಿ. ಇದೇ ದಶಕಗಳಲ್ಲಿ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸಹಾಕನು ಗ್ರೀಕ್ ವೈದ್ಯಗ್ರಂಥಗಳನ್ನು ಭಾಷಾಂತರಿಸುತ್ತಿದ್ದನು. ಶತ್ರುವಿನ ಪಟ್ಟಣಕ್ಕೆ ಬೆಂಕಿಯಿಟ್ಟ ರಾಜ್ಯವೇ ಶತ್ರುವಿನ ಭಾಷೆಯಲ್ಲಿದ್ದ ವಿದ್ಯೆಗೆ ಆಶ್ರಯವಾಯಿತು.

ಚೀನದ ಸಂಗತಿಯೂ ಹಾಗೆಯೇ. ೭೫೧ರಲ್ಲಿ ತಲಾಸ್ ನದಿಯ ಬಳಿ ಅರಬರ ಸೈನ್ಯವು ಚೀನದ ಸೈನ್ಯವನ್ನು ಸೋಲಿಸಿತು. ಕೆಲವೇ ವರ್ಷಗಳ ತರುವಾಯ ಆನ್ ಲೂಷಾನನ ದಂಗೆಯಿಂದ ಚೀನದ ರಾಜಧಾನಿ ಕೈಬಿಟ್ಟುಹೋದಾಗ, ೭೫೭ರಲ್ಲಿ ಅದನ್ನು ಮರಳಿ ಪಡೆದ ಸೇನೆಯಲ್ಲಿ ಉಯ್ಗುರರೊಡನೆ ಅರಬ್ ಸೈನಿಕರೂ ಇದ್ದರು. ೮೫೧ರ ಹೊತ್ತಿಗೆ ಖಾನ್‌ಫೂ, ಎಂದರೆ ಈಗಿನ ಕ್ಯಾಂಟನ್, ಪಟ್ಟಣದಲ್ಲಿ ಮುಸಲ್ಮಾನ ವರ್ತಕರ ವ್ಯಾಜ್ಯಗಳನ್ನು ತೀರಿಸಲು ಅವರಲ್ಲಿಯೇ ಒಬ್ಬನನ್ನು ಚೀನದ ಅರಸನು ನೇಮಿಸಿದ್ದನೆಂದು ಗ್ರಂಥದಲ್ಲಿ ಹೇಳಿದೆ. ಈ ಸೌಹಾರ್ದ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಅಬೂ ಜೈದನ ಭಾಗವೇ ಸಾಕ್ಷಿ. ಹುವಾಂಗ್ ಚಾವೋ ಎಂಬವನ ದಂಗೆಯಲ್ಲಿ, ೮೭೮-೭೯ರ ಸುಮಾರಿಗೆ, ಖಾನ್‌ಫೂವಿನಲ್ಲಿ ೧,೨೦,೦೦೦ ಮಂದಿ ಪರದೇಶಿಗಳು ಹತರಾದರೆಂದು ಅವನು ಬರೆದಿದ್ದಾನೆ. ಸಂಖ್ಯೆಯನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಆ ವಾರ್ತೆಯಿಂದ ದೂರದ ಸಿರಾಫಿನ ವ್ಯಾಪಾರವೇ ಕುಸಿಯಿತೆಂಬ ಅವನ ಮಾತಿನಲ್ಲಿ ಮಾತ್ರ ಅನುಭವದ ಧ್ವನಿಯಿದೆ. ಕಡಲಿನ ಒಂದು ದಡದಲ್ಲಿ ರಾಜ್ಯವ್ಯವಸ್ಥೆ ಮುರಿದರೆ ಇನ್ನೊಂದು ದಡದ ಮಳಿಗೆಗಳು ಮುಚ್ಚುತ್ತಿದ್ದುವು.

೬

ಇನ್ನು ಬಲ್ಹರಾನ ವಿಷಯ. ಬಾದಾಮಿಯ ಚಾಲುಕ್ಯರು ಧರಿಸಿದ್ದ ಶ್ರೀಪೃಥ್ವೀವಲ್ಲಭ ಎಂಬ ಬಿರುದನ್ನು ರಾಷ್ಟ್ರಕೂಟರು ತಮ್ಮದಾಗಿಸಿಕೊಂಡರು. ವಲ್ಲಭ ಎಂಬುದು ಕನ್ನಡದಲ್ಲಿ ಬಲ್ಲಹ ಎಂದಾಗುತ್ತದೆ. ವಲ್ಲಭರಾಜ ಎಂಬುದರ ಈ ದೇಶ್ಯರೂಪವನ್ನು ಕಡಲತೀರದಲ್ಲಿ ಕೇಳಿದ ಅರಬರು ತಮ್ಮ ಉಚ್ಚಾರಕ್ಕೆ ಹೊಂದಿಸಿಕೊಂಡರು. ಇದು ಒಬ್ಬ ರಾಜನ ಹೆಸರಾಗಿರದೆ, ಅಲ್ಲಿ ಆಳುವ ಪ್ರತಿಯೊಬ್ಬನಿಗೂ ಸಲ್ಲುವ ಬಿರುದೆಂದು ಗ್ರಂಥವೇ ವಿವರಿಸಿದೆ. ಗೆದ್ದವರು ಸೋತವರ ಬಿರುದನ್ನು ಧರಿಸಿದುದು ಈ ಶಬ್ದದಲ್ಲಿ ಉಳಿದುಬಂದಿದೆ.

ವರ್ತಕನ ತಿಳಿವಳಿಕೆಯ ಮಿತಿಯೂ ಇಲ್ಲಿಯೇ ಕಾಣುತ್ತದೆ. ಬಲ್ಹರಾನ ರಾಜ್ಯವು ಕೊಂಕಣದ ಕರಾವಳಿಯಲ್ಲಿ ಆರಂಭವಾಗುತ್ತದೆಂಬುದು ಸರಿ. ಆ ಭೂಭಾಗ ಚೀನದವರೆಗೆ ಚಾಚಿದೆಯೆಂಬುದು ಒಳನಾಡನ್ನು ಕಾಣದವನ ಮಾತು. ಅವನ ದಿರಹಮುಗಳ ತೂಕವನ್ನು ಗ್ರಂಥ ವಿವರಿಸುತ್ತದೆ. ಆದರೆ ರಾಷ್ಟ್ರಕೂಟರದೆಂದು ನಿಶ್ಚಯವಾಗಿ ಹೇಳಬಹುದಾದ ನಾಣ್ಯಗಳು ಅತಿವಿರಳ. ಅರಸರ ದೀರ್ಘಾಯುಸ್ಸಿನ ಮಾತು ೮೧೪ರಿಂದ ಸುಮಾರು ೮೭೮ರವರೆಗೆ ಆಳಿದ ನೃಪತುಂಗನಿಗೆ ಒಪ್ಪುತ್ತದೆ; ಅವನ ತಂದೆಯಾದ ಮೂರನೆಯ ಗೋವಿಂದನು ಆಳಿದುದು ಇಪ್ಪತ್ತೊಂದು ವರ್ಷ ಮಾತ್ರ. ಕಣ್ಣೆದುರಿಗಿದ್ದ ಒಬ್ಬ ಅರಸನ ವಿಶೇಷವನ್ನು ಲೇಖಕನು ವಂಶಕ್ಕೇ ಅನ್ವಯಿಸಿದ್ದಾನೆ.

ಸೈನ್ಯಬಲವನ್ನೇ ಅಳತೆಗೋಲಾಗಿ ಹಿಡಿದರೆ ೮೫೧ನೆಯ ವರ್ಷವು ರಾಷ್ಟ್ರಕೂಟರ ಪರಾಕಾಷ್ಠೆಯ ವರ್ಷವಲ್ಲ. ಧ್ರುವನೂ ಮೂರನೆಯ ಗೋವಿಂದನೂ ಗಂಗಾಯಮುನೆಗಳ ವರೆಗೆ ದಂಡೆತ್ತಿಹೋಗಿದ್ದರು. ಬಾಲ್ಯದಲ್ಲಿ ಪಟ್ಟಕ್ಕೆ ಬಂದ ನೃಪತುಂಗನಿಗೆ ಮೊದಲು ಸಿಂಹಾಸನವೇ ಅಲುಗಾಡಿತು. ಗುಜರಾತಿನ ಶಾಖೆಯ ಕರ್ಕನ ನೆರವಿನಿಂದ ಅದು ನಿಂತಿತು. ಗಂಗರೊಡನೆ ಬಹುಕಾಲ ಕಾದಿ ಕೊನೆಗೆ ಮಗಳನ್ನು ಕೊಟ್ಟು ಸಂಬಂಧ ಬೆಳೆಸಿದನು. ಉತ್ತರಕ್ಕೆ ಅವನು ದಂಡೆತ್ತಿ ಹೋಗಲಿಲ್ಲ. ಅಶ್ವಸೇನೆಯಲ್ಲಿ ಜುರ್ಜ್ ರಾಜನಿಗೆ ಸಮಾನರಿಲ್ಲವೆಂದು ಗ್ರಂಥವೇ ಒಪ್ಪುತ್ತದೆ. ಜುರ್ಜ್ ಎಂದರೆ ಗುರ್ಜರ, ಆಗ ಆಳುತ್ತಿದ್ದವನು ಪ್ರತೀಹಾರ ಭೋಜ. ಆದರೂ ನಾಲ್ವರಲ್ಲಿ ಸೇರಿದವನು ಭೋಜನಲ್ಲ, ಬಲ್ಹರಾ. ಹಾಗಾದರೆ ಇಲ್ಲಿಯ ಅಳತೆಗೋಲು ಕುದುರೆಗಳಲ್ಲ. ಪರದೇಶದ ವರ್ತಕನಿಗೆ ದೊರೆತ ಆಶ್ರಯವೆಂಬುದು ಸ್ಪಷ್ಟ.

ಈ ಆಶ್ರಯವನ್ನು ಔದಾರ್ಯವೆಂದು ಮಾತ್ರ ತಿಳಿಯುವುದೂ ಸರಿಯಾಗದು. ೧೯೦೯ರಲ್ಲಿ ಮೈಸೂರಿನಿಂದ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಮಂಡಲದ ಸಿದ್ಧಾಂತವಿದೆ: ಗಡಿಗೆ ತಗುಲಿದ ರಾಜನು ಶತ್ರು, ಅವನ ಆಚೆಯವನು ಮಿತ್ರ. ಸಿಂಧಿನ ಅರಬರೂ ಮಾನ್ಯಖೇಟದವರೂ ಗುರ್ಜರರಾಜ್ಯದ ಎರಡು ಕಡೆ ಇದ್ದವರು. ಗುರ್ಜರನ ಅರಬ್‌ದ್ವೇಷಕ್ಕೂ ಬಲ್ಹರಾನ ಅರಬ್‌ಪ್ರೀತಿಗೂ ಈ ಭೂಗೋಳವೇ ಒಂದು ಕಾರಣ. ಅರಬರೇ ನೆರೆಯವರಾಗಿ ಮೇಲೆ ಬಿದ್ದಾಗ ದಕ್ಷಿಣಾಪಥದವರು ಕಾದಿದುದೂ ಉಂಟು. ಬಾದಾಮಿಯ ಎರಡನೆಯ ವಿಕ್ರಮಾದಿತ್ಯನ ಕಾಲದಲ್ಲಿ ಲಾಟದೇಶದ ಚಾಲುಕ್ಯ ಸಾಮಂತನಾದ ಅವನಿಜನಾಶ್ರಯ ಪುಲಕೇಶಿಯು ನವಸಾರಿಯಲ್ಲಿ ತಾಜಿಕರ ಸೈನ್ಯವನ್ನು ಸೋಲಿಸಿ ಚಕ್ರವರ್ತಿಯಿಂದ ಬಿರುದುಗಳನ್ನು ಪಡೆದನೆಂದು ೭೩೮-೩೯ರ ತಾಮ್ರಶಾಸನ ತಿಳಿಸುತ್ತದೆ. ಅಂದಿನ ಶತ್ರುವೇ ಸುಮಾರು ನೂರು ವರ್ಷಗಳಲ್ಲಿ ಮಿತ್ರನಾದನು. ಮನೋಧರ್ಮ ಬದಲಾಯಿತೆನ್ನುವುದಕ್ಕಿಂತ ಮಂಡಲವೇ ಬದಲಾಯಿತೆನ್ನುವುದು ಹೆಚ್ಚು ಒಪ್ಪುತ್ತದೆ.

ಆದರೆ ಸ್ವಾರ್ಥದಿಂದ ಹುಟ್ಟಿದ ಸ್ನೇಹವು ಸ್ವಾರ್ಥದಲ್ಲಿಯೇ ಕೊನೆಗೊಳ್ಳಬೇಕೆಂಬ ನಿಯಮವಿಲ್ಲ. ಹಿಜರಿ ೩೦೪ರಲ್ಲಿ, ಎಂದರೆ ೯೧೬ರ ಸುಮಾರಿಗೆ, ಕೊಂಕಣದ ಸೈಮೂರ್ ಪಟ್ಟಣದಲ್ಲಿದ್ದ ಮಸೂದಿಯು ಅಲ್ಲಿ ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದರೆಂದೂ, ಅವರಲ್ಲಿ ಸಿರಾಫ್, ಒಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದವರಲ್ಲದೆ ಅಲ್ಲಿಯೇ ಹುಟ್ಟಿದವರೂ ಇದ್ದರೆಂದೂ, ಅವರ ವ್ಯವಹಾರಗಳಿಗೆ ಅವರಲ್ಲಿಯೇ ಒಬ್ಬ ಮುಖ್ಯಸ್ಥನಿದ್ದನೆಂದೂ ಬರೆದಿದ್ದಾನೆ. ಖಾನ್‌ಫೂವಿನಲ್ಲಿದ್ದ ಏರ್ಪಾಡೇ ಸೈಮೂರಿನಲ್ಲಿಯೂ ಇದ್ದಿತು. ನಾಲ್ವರು ಅರಸರಲ್ಲಿ ಇಬ್ಬರ ರಾಜ್ಯಗಳು ಒಂದರದನ್ನೊಂದು ನೋಡಿ ಕಲಿತುದಕ್ಕೆ ಆಧಾರವಿಲ್ಲದಿದ್ದರೂ, ಪರಕೀಯನಿಗೆ ಅವನ ಧರ್ಮದಂತೆಯೇ ನ್ಯಾಯ ದೊರೆಯಬೇಕೆಂಬ ಒಂದೇ ತೀರ್ಮಾನಕ್ಕೆ ಬಂದಿದ್ದುವು.

ಇದಕ್ಕೆ ಕಲಶಪ್ರಾಯವಾದ ಸಾಕ್ಷ್ಯವೆಂದರೆ ಸಂಜಾನಿನ ನೆರೆಯ ಚಿಂಚಣಿಯಲ್ಲಿ ದೊರೆತ ಶಕ ೮೪೮ರ, ಎಂದರೆ ೯೨೬ರ, ತಾಮ್ರಶಾಸನ. ಮೂರನೆಯ ಇಂದ್ರನ ಕಾಲದ ಈ ಸಂಸ್ಕೃತ ಶಾಸನದಲ್ಲಿ ಸಂಯಾನಮಂಡಲದ ಅಧಿಪತಿಯಾಗಿ ಕಾಣಿಸಿಕೊಳ್ಳುವವನು ತಾಜಿಕಕುಲದ ಮಧುಮತಿ. ಮಧುಮತಿ ಎಂದರೆ ಮುಹಮ್ಮದ್. ಎರಡನೆಯ ಕೃಷ್ಣನಿಂದ ಆ ಮಂಡಲವನ್ನು ಪಡೆದ ಇವನು ರೇವುಪಟ್ಟಣಗಳ ಮುಖಂಡರನ್ನು ಅಡಗಿಸಿ ತನ್ನ ಅಧಿಕಾರಿಗಳನ್ನು ಇರಿಸಿದನು. ಹೊಳೆ ದಾಟುವವರಿಗೆ ದೋಣಿಗಳನ್ನೂ ಹಸಿದವರಿಗೆ ಅನ್ನಸತ್ರವನ್ನೂ ಏರ್ಪಡಿಸಿದನು. ದೇವಿಯ ಮಠಿಕೆಯೊಂದಕ್ಕೆ ಭೂಮಿಯನ್ನು ದತ್ತಿಯಾಗಿ ಬಿಡಿಸಿದನು. ನವಸಾರಿಯಲ್ಲಿ ಸೋತ ತಾಜಿಕರ ಕುಲದವನೊಬ್ಬನು ಎರಡು ಶತಮಾನಗಳ ಬಳಿಕ ಅದೇ ಕರಾವಳಿಯಲ್ಲಿ ವಲ್ಲಭರಾಜನ ಪ್ರತಿನಿಧಿಯಾಗಿ ಸಂಸ್ಕೃತದಲ್ಲಿ ಶಾಸನ ಬರೆಸಿದುದು, ನಾಲ್ಕನೆಯ ಸ್ಥಾನವೆಂಬ ಮಾತಿಗಿಂತ ಎಷ್ಟೋ ಮಿಗಿಲಾದ ಪ್ರಮಾಣ.

೭

ಇದೇ ಪ್ರದೇಶದ ಇನ್ನೊಂದು ಶಾಸನವನ್ನು ಇದರ ಪಕ್ಕದಲ್ಲಿಡಬೇಕು. ಸಂಜಾನಿನಲ್ಲಿಯೇ ದೊರೆತ ಅಮೋಘವರ್ಷನ ಶಕ ೭೯೩ರ, ಎಂದರೆ ೮೭೧ರ, ತಾಮ್ರಪಟದಲ್ಲಿ ಗೋವಿಂದನ ಕುದುರೆಗಳು ಹಿಮವತ್ಪರ್ವತದ ನಿರ್ಝರಗಳಲ್ಲಿ ನೀರು ಕುಡಿದುವೆಂದೂ, ಧರ್ಮ ಮತ್ತು ಚಕ್ರಾಯುಧರು ತಾವಾಗಿಯೇ ಬಂದು ಮಣಿದರೆಂದೂ ವರ್ಣನೆಯಿದೆ. ಪ್ರಶಸ್ತಿಯ ಲೋಕದಲ್ಲಿ ಒಬ್ಬನೇ ಚಕ್ರವರ್ತಿ; ಉಳಿದವರು ಮಣಿದವರು ಅಥವಾ ಮಣಿಯಬೇಕಾದವರು. ಖಲೀಫನಿಗಾಗಲಿ ಚೀನದ ಸಮ್ರಾಟನಿಗಾಗಲಿ ಅಲ್ಲಿ ಎಡೆಯಿಲ್ಲ. ಅರಬ್ಬೀ ಪ್ರಸಂಗದ ಲೋಕದಲ್ಲಿ ಹಿರಿಯರು ಹಲವರು. ಎರಡೂ ಉತ್ಪ್ರೇಕ್ಷೆಗಳೇ, ಎರಡೂ ಒಬ್ಬನನ್ನು ಮೇಲಕ್ಕೇರಿಸುವುದಕ್ಕಾಗಿಯೇ ಹುಟ್ಟಿದುವು. ಆದರೆ ಮೊದಲನೆಯದರಲ್ಲಿ ಪರರಾಜನಿಗೆ ಸೋಲಿನ ಹೊರತು ಬೇರೆ ಪಾತ್ರವಿಲ್ಲ. ಎರಡನೆಯದರಲ್ಲಿ ರಾಯಭಾರಿ, ವರ್ತಕ, ನ್ಯಾಯಾಧಿಪತಿ ಇವರಿಗೂ ನಿಲ್ಲಲು ಸ್ಥಳವುಂಟು.

ಇವೆರಡರ ನಡುವೆ ಕವಿರಾಜಮಾರ್ಗದ ಸ್ಥಾನವೆಲ್ಲಿ ಎಂಬುದು ಕನ್ನಡ ವಿದ್ವಾಂಸರಿಗೆ ವಿಚಾರಾರ್ಹವಾದ ಪ್ರಶ್ನೆ. ನೃಪತುಂಗನ ಅನುಮತಿ ಪಡೆದು ಶ್ರೀವಿಜಯನು ರಚಿಸಿದನೆಂದು ಇಂದು ಸಾಮಾನ್ಯವಾಗಿ ಒಪ್ಪಿರುವ ಈ ಗ್ರಂಥವೂ ಅರಬ್ಬೀ ಸಂಗ್ರಹವೂ ಹೆಚ್ಚುಕಡಿಮೆ ಸಮಕಾಲೀನವಾದುವು. ಒಂದು ಆಸ್ಥಾನದ ಒಳಗಿನಿಂದ, ಇನ್ನೊಂದು ಕಡಲ ಕಡೆಯಿಂದ ಅದೇ ರಾಜ್ಯವನ್ನು ಕಂಡಿವೆ. ಚಕ್ರವರ್ತಿಯ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವಾದರೂ ಅದು ಕನ್ನಡನಾಡಿಗೆ ಎಲ್ಲೆಯನ್ನು ಹೇಳುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ವಸುಧಾವಲಯದಲ್ಲಿ ಒಂದು ವಿಶಿಷ್ಟವಾದ ವಿಷಯವೆಂದು ಅಲ್ಲಿಯ ವರ್ಣನೆ. ಅದರಲ್ಲಿಯೂ ತಿರುಳ್ಗನ್ನಡದ ನಾಡು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಚಿಕ್ಕ ಪ್ರದೇಶ. ವಲಯದ ಒಳಗಿರುವ ನಾಡೇ ಹೊರತು ವಲಯಕ್ಕೆಲ್ಲ ಒಡೆತನ ನಡೆಸುವ ನಾಡೆಂದು ಅಲ್ಲಿ ಹೇಳಿಲ್ಲ. ತನ್ನ ಎಲ್ಲೆಯನ್ನು ತಿಳಿದವನಿಗೆ ಎಲ್ಲೆಯ ಆಚೆ ಬೇರೆಯವರಿರುವುದೂ ತಿಳಿದಿರುತ್ತದೆ.

ಕಾವ್ಯಲಕ್ಷಣದ ಪ್ರಸಂಗದಲ್ಲಿ ಅದೇ ಗ್ರಂಥದಲ್ಲಿ ಬರುವ ಇನ್ನೊಂದು ಪದ್ಯವು ಸುಪ್ರಸಿದ್ಧವಾದುದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದಾದರೆ ಅದೇ ನಿಜವಾದ ಚಿನ್ನವೆಂಬುದು ಅದರ ತಾತ್ಪರ್ಯ. ಇದನ್ನು ಅರಬ್ ವರ್ತಕರ ವಿಷಯದ ಹೇಳಿಕೆಯೆಂದು ಭಾವಿಸುವುದು ಅತಿವ್ಯಾಪ್ತಿಯಾದೀತು; ಕವಿಯ ಕಣ್ಣೆದುರಿಗೆ ಜೈನ, ಶೈವ, ವೈಷ್ಣವ, ಬೌದ್ಧರ ವಾದಗಳಿದ್ದಿರಬಹುದಾದುದೇ ಹೆಚ್ಚು ಸಂಭವ. ಆದರೆ ಒಂದು ಹೋಲಿಕೆಯನ್ನು ಅಲ್ಲಗಳೆಯಲಾಗದು. ನಾಲ್ವರು ಅರಸರ ಹಳೆಯ ಪಟ್ಟಿಗಳಲ್ಲಿ ಒಬ್ಬೊಬ್ಬನಿಗೆ ಒಂದೊಂದು ಸಂಪತ್ತು: ಒಬ್ಬನಿಗೆ ಆನೆ, ಒಬ್ಬನಿಗೆ ಕುದುರೆ, ಒಬ್ಬನಿಗೆ ಚಿನ್ನ. ಆನೆಗಳ ಅರಸನೆಂದು ಲೋಕವೆಣಿಸಿದ ದೇಶದ ಕವಿಯೊಬ್ಬನು ಚಿನ್ನವೆಂಬುದಕ್ಕೆ ಬೇರೊಂದು ಅರ್ಥವನ್ನು ಕೊಟ್ಟನು. ಅದೇ ದಶಕಗಳಲ್ಲಿ ಆ ದೇಶದ ಅರಸನನ್ನು ಪರದೇಶೀಯರು ಹೊಗಳಿದುದು ಅದೇ ಅರ್ಥದ ಸಂಪತ್ತಿಗಾಗಿ. ಒಂದು ಇನ್ನೊಂದರಿಂದ ಬಂದುದಲ್ಲ. ಆದರೂ ಪದ್ಯವು ಆದರ್ಶವಾಗಿ ಹೇಳಿದುದನ್ನು ವರ್ತಕನು ವ್ಯವಹಾರದಲ್ಲಿ, ಸ್ವಾರ್ಥದ ಕಲಬೆರಕೆಯೊಡನೆಯೇ, ಕಂಡನೆಂದು ಹೇಳುವುದಕ್ಕೆ ಅಡ್ಡಿಯಿಲ್ಲ.

೮

ಈ ಕಲ್ಪನೆಯ ಉತ್ತರಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ೧೧-೧೨ನೆಯ ಶತಮಾನಗಳ ಉತ್ತರದೇಶದ ಕಲಚುರಿ ಮತ್ತು ಗಾಹಡವಾಲ ಶಾಸನಗಳಲ್ಲಿ ಅಶ್ವಪತಿ, ಗಜಪತಿ, ನರಪತಿಗಳೆಂಬ ಮೂವರಿಗೂ ಅಧಿಪತಿಯೆಂಬ ಬಿರುದು ಕಾಣಿಸುತ್ತದೆ. ಹಲವರು ಹಿರಿಯರಿರುವ ಕಲ್ಪನೆಯನ್ನು ಪ್ರಶಸ್ತಿಯು ನುಂಗಿ, ಮೂವರನ್ನೂ ಒಬ್ಬನ ಬಿರುದಿನಲ್ಲಿ ಅಡಗಿಸಿತು. ಆದರೆ ವಿಜಯನಗರದ ಕಾಲಕ್ಕೆ ಆ ಮೂವರೂ ಮತ್ತೆ ಬಿಡಿಬಿಡಿಯಾಗಿ ನಿಂತರು. ವಿಜಯನಗರದ ರಾಯನು ನರಪತಿ, ಓಢ್ರದೇಶದ ಅರಸನು ಗಜಪತಿ, ತುರುಷ್ಕನು ಅಶ್ವಪತಿ. ರಾಯವಾಚಕಮೆಂಬ ತೆಲುಗು ಗದ್ಯಗ್ರಂಥದಲ್ಲಿ ಇವು ಮೂರೂ ಸಿಂಹಾಸನಗಳು. ಮೂವರೂ ಪರಸ್ಪರ ಕಾದಿದವರೇ; ಆದರೂ ಶತ್ರುವಿನ ಆಸನವೂ ಸಿಂಹಾಸನವೇ ಎಂಬ ಅಂಗೀಕಾರವು ಆ ಬಿರುದುಗಳಲ್ಲಿ ಅಡಗಿದೆ.

ಪ್ರಬಲರಾಜ್ಯಗಳನ್ನು ಎಣಿಸಿ ಪಟ್ಟಿಮಾಡುವ ಅಭ್ಯಾಸ ಆಧುನಿಕ ಕಾಲದಲ್ಲಿಯೂ ನಿಂತಿಲ್ಲ. ೧೯೪೫ರ ವಿಶ್ವಸಂಸ್ಥೆಯ ಸನ್ನದು ಭದ್ರತಾಸಮಿತಿಯಲ್ಲಿ ಐದು ರಾಷ್ಟ್ರಗಳಿಗೆ ಶಾಶ್ವತಸ್ಥಾನವನ್ನು ವಿಧಿಸಿತು. ಹಳೆಯ ಪಟ್ಟಿಗಳು ಬರೆಯುವವನ ಕೈಯಲ್ಲಿ ಬದಲಾಗುತ್ತ ಬಂದುವು. ಇದು ವಿಧಿರೂಪದಲ್ಲಿ ಸ್ಥಿರವಾಯಿತು. ಎರಡರಲ್ಲಿಯೂ ಕೇಳತಕ್ಕ ಪ್ರಶ್ನೆ ಒಂದೇ: ಹಿರಿಯನೆಂದು ಎಣಿಸಿದವರು ಯಾರು, ಯಾವ ಅಳತೆಯಿಂದ?

ಒಟ್ಟಿನ ಮೇಲೆ ನಾಲ್ವರು ಅರಸರ ಪ್ರಸಂಗದಿಂದ ಸಿದ್ಧವಾಗುವುದು ಇಷ್ಟು. ನಾಲ್ಕೆಂಬ ಎಣಿಕೆ ಅನುಭವದಿಂದಲ್ಲ, ಪರಂಪರೆಯಿಂದ ಬಂದುದು. ಕ್ರಮವು ಬರೆದವನ ಅಭಿಮಾನದಿಂದ ಬಂದುದು. ಅದನ್ನು ಬಲಾಬಲದ ತೀರ್ಪೆಂದು ಉದಾಹರಿಸುವುದು ಯುಕ್ತವಲ್ಲ. ಆದರೆ ಬಲ್ಹರಾನಿಗೆ ಆ ಸಾಲಿನಲ್ಲಿ ಸ್ಥಾನ ದೊರೆತ ಕಾರಣವು ಅನುಭವದಿಂದಲೇ ಬಂದುದು. ಅದನ್ನು ಸೈಮೂರಿನ ವೃತ್ತಾಂತವೂ ಚಿಂಚಣಿಯ ಶಾಸನವೂ ಸಮರ್ಥಿಸುತ್ತವೆ. ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ಬೋಧಿಸುವಾಗ ನಾಲ್ಕನೆಯವನೆಂಬ ಸಂಖ್ಯೆಯನ್ನು ಮಾತ್ರ ಹೇಳಿ ಬಿಡದೆ, ನವಸಾರಿಯ ೭೩೮-೩೯ರ ಶಾಸನ, ಕವಿರಾಜಮಾರ್ಗದ ಪದ್ಯ, ಚಿಂಚಣಿಯ ೯೨೬ರ ಶಾಸನ ಇವನ್ನೂ ಜೊತೆಗಿಟ್ಟು ಓದಿಸಿದರೆ, ವೈರವು ಎಲ್ಲಿ ಆರಂಭವಾಗಿ ಸಹಕಾರಕ್ಕೆ ಹೇಗೆ ತಿರುಗಿತೆಂಬುದು ಅವರಿಗೆ ಆಧಾರಸಹಿತವಾಗಿ ತಿಳಿದುಬರುತ್ತದೆ.